ನಾಲ್ಕು ಬಿಂದುಗಳ ನಡುವೆ

ಚೆಂಡೊಂದನ್ನು ಸೆಕೆಂಡಿಗೆ 15 ಮೀಟರ್ ವೇಗದಿಂದ ನೆಟ್ಟಗೆ ಮೇಲಕ್ಕೆ ಎಸೆದೆವೆಂದು ಭಾವಿಸೋಣ. ಗಾಳಿಯ ತಡೆಯನ್ನು ಗಣಿಸದೆ, ಗುರುತ್ವದಿಂದ ಅದರ ವೇಗವು ಪ್ರತಿ ಸೆಕೆಂಡಿಗೂ ಸುಮಾರು 10 ಮೀಟರಿನಷ್ಟು ಕುಗ್ಗುವುದೆಂದು ಹಿಡಿದರೆ, ‘ಕ’ ಸೆಕೆಂಡುಗಳ ಬಳಿಕ ಚೆಂಡಿನ ಎತ್ತರ 15ಕ − 5ಕ² ಮೀಟರ್. ಕಾಲದ ವರ್ಗವನ್ನು ಒಳಗೊಂಡಿರುವುದರಿಂದ ಇದು ವರ್ಗೋಕ್ತಿ.

‘ಕ’ದ ಬೆಲೆ 0, 1, 2, 3 ಆದಾಗ ಎತ್ತರಗಳು ಕ್ರಮವಾಗಿ 0, 10, 10, 0. ಈ ನಾಲ್ಕು ಬಿಂದುಗಳನ್ನು ನಕ್ಷೆಯ ಹಾಳೆಯಲ್ಲಿ ಗುರುತಿಸಿ, ಅಳತೆಪಟ್ಟಿಯನ್ನಿಟ್ಟು ಗೆರೆಯೆಳೆದುಬಿಡುವ ವಿದ್ಯಾರ್ಥಿಗಳು ಅನೇಕರು. ಅವರ ನಕ್ಷೆ ಹೇಳುವುದೇನು? ಚೆಂಡು ಒಂದು ಸೆಕೆಂಡು ಕಾಲ ನಡು ಆಗಸದಲ್ಲಿ ಅಲುಗದೆ ನಿಂತಿತ್ತೆಂದು! ಅಂತಹ ಚೆಂಡನ್ನು ಕಂಡವರುಂಟೆ?

ಏರಿದ ರೀತಿಯಲ್ಲೇ ಚೆಂಡು ಇಳಿಯುವುದರಿಂದ ನಕ್ಷೆಯ ಎಡಬಲಗಳು ಬಿಂಬ ಪ್ರತಿಬಿಂಬಗಳಂತೆ ಸರಿಸಮ. ಆದಕಾರಣ ಶೃಂಗವು 1 ಮತ್ತು 2ರ ನಟ್ಟನಡುವೆ, ಎಂದರೆ 1.5 ಸೆಕೆಂಡಿನಲ್ಲಿರಬೇಕು, ಆಗಿನ ಎತ್ತರ 11.25 ಮೀಟರ್. ಉಕ್ತಿಯನ್ನು 11.25 − 5(ಕ − 1.5)² ಎಂದು ಬರೆದರೆ ಕಾರಣ ಸ್ಪಷ್ಟವಾಗುವುದು: ಕಳೆಯುವ ವರ್ಗವು ಸೊನ್ನೆಯಾದಾಗ ಮಾತ್ರ ಎತ್ತರ ಗರಿಷ್ಠ. ಈ ಐದು ಬಿಂದುಗಳ ಮೂಲಕ ನಯವಾಗಿ ಬಾಗಿ ಸಾಗುವ ರೇಖೆಯೇ ಪರವಲಯ.

ಆದರೆ ಇದು ಚೆಂಡಿನ ಹಾದಿಯ ಚಿತ್ರವಲ್ಲ. ಚೆಂಡು ನೆಟ್ಟಗೆ ಏರಿ ನೆಟ್ಟಗೆ ಇಳಿಯಿತಷ್ಟೆ. ಓರೆಯಾಗಿ ಎಸೆದಾಗ ಹಾದಿಯೂ ಪರವಲಯವಾಗುವುದು. ಎಸೆದ ವಸ್ತುಗಳ ಈ ಹಾದಿಯನ್ನು ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ.

ಇನ್ನು ವೇಗವನ್ನು 25 ಎಂದಿಟ್ಟು ಶೃಂಗವೆಲ್ಲಿ ಬರುವುದೆಂಬುದನ್ನು ವಾಚಕರೇ ಕಂಡುಕೊಳ್ಳಬಹುದು.