ನೋವಿಲ್ಲದೆ ನೋಟ ಕದಿಯುವ ಗ್ಲಾಕೋಮಾ: 40 ದಾಟಿದವರು ಒಮ್ಮೆ ತೋರಿಸಿಕೊಳ್ಳಿ

ಕಡೂರು/ತರೀಕೆರೆ/ಅಜ್ಜಂಪುರ: "ಪೇಪರ್ ಓದ್ತೀನಿ, ದುಡ್ಡು ಎಣಿಸ್ತೀನಿ, ಎಲ್ಲಾ ಚೆನ್ನಾಗೇ ಕಾಣ್ತದೆ. ನನಗ್ಯಾಕೆ ಕಣ್ಣಿನ ಪರೀಕ್ಷೆ?" ಗಲ್ಲಾದ ಮುಂದೆ ಕೂತ ಅಂಗಡಿಯವರು ಹೀಗೆ ಹೇಳುವುದು ಮಾಮೂಲು. ಗ್ಲಾಕೋಮಾ ಶುರುವಾದವರೂ ವರ್ಷಗಟ್ಟಲೆ ಇದೇ ಮಾತು ಹೇಳುತ್ತಾರೆ. ಯಾಕಂದ್ರೆ ಈ ಕಾಯಿಲೆ ಮೊದಲು ಕಸಿಯುವುದು ಪಕ್ಕದ ನೋಟವನ್ನು. ಎದುರಿನ ನೋಟ ಮಂಜಾಗುವ ಹೊತ್ತಿಗೆ ಬಹಳಷ್ಟು ಹೋಗಿರುತ್ತದೆ.

ಏನಿದು?
ಕಣ್ಣಿನೊಳಗೆ ತಿಳಿನೀರು ಸದಾ ಹುಟ್ಟಿ ಹರಿದು ಹೋಗುತ್ತಿರುತ್ತದೆ. ಹೂಳು ತುಂಬಿದ ಕಾಲುವೆಯಂತೆ ಅದರ ದಾರಿ ಕಟ್ಟಿಕೊಂಡರೆ ಕಣ್ಣಿನ ಒತ್ತಡ ಏರುತ್ತದೆ. ಆಗ ಕಣ್ಣಿನಿಂದ ಮೆದುಳಿಗೆ ಹೋಗುವ ನರ ನಿಧಾನವಾಗಿ ಸಾಯುತ್ತದೆ. ಈ ಒತ್ತಡ ಸಾಮಾನ್ಯವಾಗಿ 10ರಿಂದ 21ರೊಳಗೆ ಇರುತ್ತದೆ. ಇದು ಬಿಪಿ ಅಲ್ಲ, ಬೇರೆಯದೇ ಲೆಕ್ಕ.

ಪೊರೆ ಅಲ್ಲ
ಪೊರೆ ತೆಗೆದು ಲೆನ್ಸ್ ಹಾಕಿದರೆ ನೋಟ ವಾಪಸ್ ಬರುತ್ತದೆ. ಗ್ಲಾಕೋಮಾದಲ್ಲಿ ಹೋದ ನೋಟ ಬರುವುದಿಲ್ಲ, ದಾನದ ಕಣ್ಣು ಹಾಕಿಸಿದರೂ ಇಲ್ಲ. ಹಾಗಾಗಿ "ಪೊರೆ ಇರಬೇಕು, ಬಲಿಯಲಿ ಬಿಡಿ" ಅಂತ ಪರೀಕ್ಷೆ ಮಾಡಿಸದೆ ಕಾಯುವುದೇ ಅಪಾಯ. ದೇಶದಲ್ಲಿ ಸುಮಾರು 1.2 ಕೋಟಿ ಜನರಿಗೆ ಈ ಕಾಯಿಲೆ ಇದೆ ಎಂಬ ಅಂದಾಜಿದೆ. ಬಹುಪಾಲು ಜನರಿಗೆ ಅದು ಗೊತ್ತೇ ಇಲ್ಲ.

ಒತ್ತಡ ನಾರ್ಮಲ್ ಅಂದರೆ ಸಾಕಾ?
ಸಾಲದು. ದಕ್ಷಿಣ ಕೊರಿಯಾದ ನಾಮಿಲ್ ಎಂಬ ಗ್ರಾಮೀಣ ಭಾಗದಲ್ಲಿ 40 ದಾಟಿದವರ ಕಣ್ಣು ಪರೀಕ್ಷಿಸಿದಾಗ, ನಿಧಾನವಾಗಿ ಬೆಳೆಯುವ ಬಗೆಯ ಗ್ಲಾಕೋಮಾ ಇದ್ದವರಲ್ಲಿ ಮುಕ್ಕಾಲು ಪಾಲು ಜನರ ಒತ್ತಡ ನಾರ್ಮಲ್ಲೇ ಇತ್ತು. ನರ ನೋಡಿದ್ದರಿಂದ ಕಾಯಿಲೆ ಸಿಕ್ಕಿತು. ನಮ್ಮಲ್ಲೂ ಇಂಥವರು ಇದ್ದಾರೆ.

ಯಾರು ಹುಷಾರಾಗಿರಬೇಕು?
* ತಂದೆ-ತಾಯಿ, ಅಣ್ಣ-ತಮ್ಮ, ಅಕ್ಕ-ತಂಗಿಯರಿಗೆ ಗ್ಲಾಕೋಮಾ ಇದ್ದವರು
* ಸಕ್ಕರೆ ಕಾಯಿಲೆ ಇರುವವರು, ದೂರದ್ದು ಕಾಣದೆ ಹೆಚ್ಚು ಪವರಿನ ಕನ್ನಡಕ ಹಾಕುವವರು
* ಕಣ್ಣಿಗೆ ಪೆಟ್ಟು ಬಿದ್ದವರು
* ಅಡಿಕೆ, ತೆಂಗಿನ ಕೆಲಸದಲ್ಲಿ ಧೂಳು ಬಿದ್ದು ಕಣ್ಣು ಕೆಂಪಾದಾಗ ಚೀಟಿ ಇಲ್ಲದೆ ಮೆಡಿಕಲ್‌ನಲ್ಲಿ ಡ್ರಾಪ್ಸ್ ತಂದು ಹಾಕಿಕೊಳ್ಳುವವರು. ಅದರಲ್ಲಿ ಸ್ಟೀರಾಯ್ಡ್ ಇದ್ದು, ತಿಂಗಳುಗಟ್ಟಲೆ ಹಾಕಿದರೆ ಒತ್ತಡ ಏರಬಹುದು.

ಕಣ್ಣು ಕೆಂಪಾಗಿ, ವಿಪರೀತ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ತಲೆನೋವು ಅಂತ ಮಾತ್ರೆ ನುಂಗಿ ಮಲಗಬೇಡಿ. ಅದು ಹಠಾತ್ ಗ್ಲಾಕೋಮಾ ಇರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.

ಡ್ರಾಪ್ಸ್ ನಿಲ್ಲಿಸಬೇಡಿ
ಡ್ರಾಪ್ಸ್, ಲೇಸರ್, ಆಪರೇಷನ್ ಯಾವುದೇ ಆಗಲಿ, ಉಳಿದ ನೋಟ ಕಾಯುತ್ತದೆ ಅಷ್ಟೆ. "ಹಾಕಿದ್ರೂ ಏನೂ ಹೆಚ್ಚಾಗಿ ಕಾಣ್ಲಿಲ್ಲ" ಅಂತ ಬಿಟ್ಟವರ ನರ ಸದ್ದಿಲ್ಲದೆ ಹಾಳಾಗುತ್ತಾ ಹೋಗುತ್ತದೆ. ಉರಿ ಬಂದರೆ, ದುಡ್ಡಿಗೆ ಕಷ್ಟವಾದರೆ ಡಾಕ್ಟರಿಗೆ ಹೇಳಿ, ಬೇರೆ ಔಷಧಿ ಬರೆಸಿಕೊಳ್ಳಿ.

ಎಲ್ಲಿ ತೋರಿಸೋದು?
ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ. ಮುಂದಿನ ಪರೀಕ್ಷೆಗೆ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆ, ಶಿವಮೊಗ್ಗದ ಮೆಗ್ಗಾನ್ ಅಥವಾ ಶಂಕರ ಕಣ್ಣಿನ ಆಸ್ಪತ್ರೆ, ಬೆಂಗಳೂರಿನ ಮಿಂಟೋ ಇವೆ. ಕನ್ನಡಕದ ಅಂಗಡಿಯಲ್ಲಿ ಪವರ್ ನೋಡಿಸಿದ್ದು ಗ್ಲಾಕೋಮಾ ಪರೀಕ್ಷೆ ಆಗುವುದಿಲ್ಲ.

ಕ್ಯಾಂಪಿಗೇ ಹೋಗಲಿ, ಆಸ್ಪತ್ರೆಗೇ ಹೋಗಲಿ, ಎದ್ದು ಬರುವ ಮುಂಚೆ ಒಂದು ಮಾತು ಕೇಳಿ: "ಡಾಕ್ಟ್ರೇ, ಪ್ರೆಶರ್ ಜೊತೆ ನರಾನೂ ನೋಡಿದ್ರಾ?"