ಉಳಿಸಿಟ್ಟದ್ದು ಉಪಯೋಗಕ್ಕೆ ಬರಲಿ

ಹೊಸ ಬಗೆಯ ಬಿರಿಯಾನಿಯ ವೀಡಿಯೊ ಕಂಡಿತು, ಸೇವ್ ಮಾಡಿದೆವು. ಮೆಹಂದಿಯ ವಿನ್ಯಾಸ ಚೆನ್ನಾಗಿತ್ತು, ಸೇವ್. ಮಗುವಿನ ಕೆಮ್ಮಿಗೆ ಮನೆಮದ್ದು, ಹಳೆಯ ಸೀರೆಯಿಂದ ಹೊಲಿಯುವ ಚೀಲ, ವಿದ್ಯಾರ್ಥಿವೇತನದ ಪ್ರಕಟಣೆ, ಯಾರೋ ಬರೆದ ನಾಲ್ಕು ಒಳ್ಳೆಯ ಸಾಲು, ಎಲ್ಲವೂ ಸೇವ್. ‘ಆಮೇಲೆ ನೋಡಿದರಾಯಿತು’ ಎಂದು ಬೆರಳು ಮುಂದಕ್ಕೆ ಸರಿಯುತ್ತದೆ. ಆ ‘ಆಮೇಲೆ’ ನಮ್ಮಲ್ಲಿ ಎಷ್ಟು ಮಂದಿಗೆ ಬಂದಿದೆ? ಇಂದು ಕೆಲಸವೆಲ್ಲ ಮುಗಿದ ಮೇಲೆ ನಿಮ್ಮ ಮೊಬೈಲಿನ ಸೇವ್ ಪಟ್ಟಿಯನ್ನು ತೆರೆದು ಕೊನೆಯವರೆಗೂ ಸರಿಸಿ ನೋಡಿ. ಅರ್ಧದಷ್ಟನ್ನು ಯಾಕೆ ಇಟ್ಟುಕೊಂಡೆವು ಎಂಬುದೇ ನೆನಪಾಗದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಹೀಗೆ ಆಯ್ದು ಇಟ್ಟುಕೊಳ್ಳುವ ಹವ್ಯಾಸ ಮೊಬೈಲಿನಿಂದ ಬಂದದ್ದೇನೂ ಅಲ್ಲ. ಉರ್ದು ಬಲ್ಲ ಮನೆಗಳಲ್ಲಿ ಹಿಂದೆ ‘ಬಯಾಝ್’ ಎಂಬ ಪುಸ್ತಕವಿರುತ್ತಿತ್ತು. ಅರಬಿಯಲ್ಲಿ ಈ ಪದಕ್ಕೆ ಬಿಳುಪು ಎಂದರ್ಥ. ಬರೆಯದ ಬಿಳಿ ಹಾಳೆಗಳ ಪುಸ್ತಕವೆಂದು ತಿಳಿದುಕೊಳ್ಳಿ. ಮುಶಾಯಿರಾದಲ್ಲಿ ಕೇಳಿದ, ಎಲ್ಲೋ ಓದಿದ ಶೇರ್‌ಗಳಲ್ಲಿ ಮನಸ್ಸಿಗೆ ಹಿಡಿಸಿದ್ದನ್ನು ಅದರಲ್ಲಿ ಬರೆದುಕೊಳ್ಳುತ್ತಿದ್ದರು. ಯುನಾನಿ ಹಕೀಮರಿಗೂ ಬಯಾಝ್ ಇತ್ತು, ಅದರಲ್ಲಿ ಔಷಧಿಗಳ ನುಸ್ಖಾಗಳಿರುತ್ತಿದ್ದವು. ಕೈಯಿಂದ ಬರೆಯಬೇಕಾದ್ದರಿಂದ ಕಂಡದ್ದನ್ನೆಲ್ಲ ತುಂಬಿಸಲು ಸಾಧ್ಯವಿರಲಿಲ್ಲ. ಬರೆಯುವಾಗಲೇ ಅರ್ಧ ಕಂಠಪಾಠವೂ ಆಗಿಬಿಡುತ್ತಿತ್ತು. ನಮ್ಮ ಸೇವ್ ಪಟ್ಟಿಯನ್ನು ಮತ್ತೆ ಬಯಾಝ್ ಆಗಿಸಲು ಸಾಧ್ಯ, ಅದಕ್ಕೆ ದೊಡ್ಡ ಜಾಣ್ಮೆಯೇನೂ ಬೇಡ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಫೇಸ್‌ಬುಕ್ 2014ರಲ್ಲಿ, ಇನ್‌ಸ್ಟಾಗ್ರಾಂ 2016ರ ಡಿಸೆಂಬರ್‌ನಲ್ಲಿ ಈ ಸೌಕರ್ಯವನ್ನು ಒದಗಿಸಿದವು. ಆದರೆ ಸೇವ್ ಒತ್ತಿದ ಮಾತ್ರಕ್ಕೆ ಆ ಚಿತ್ರ ನಿಮ್ಮ ಮೊಬೈಲಿಗೆ ಬಂದು ಕುಳಿತುಕೊಳ್ಳುವುದಿಲ್ಲ. ಅಲ್ಲಿಗೆ ಹೋಗುವ ದಾರಿಯನ್ನಷ್ಟೇ ಗುರುತು ಮಾಡಿಟ್ಟಂತೆ. ಹಾಕಿದವರು ಅಳಿಸಿದರೆ ನಿಮ್ಮ ಪಟ್ಟಿಯಿಂದಲೂ ಅದು ಮಾಯ. ಇಡೀ ಅಂಗಡಿಯೇ ಬಾಗಿಲು ಹಾಕುವುದೂ ಇದೆ. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿತು. 2020ರ ಜೂನ್ 29ರಂದು ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಅಲ್ಲಿ ಕೂಡಿಟ್ಟಿದ್ದ ಅಡುಗೆ, ಹೊಲಿಗೆಗಳ ವೀಡಿಯೊಗಳು ಒಂದೆರಡು ದಿನಗಳಲ್ಲೇ ಕೈತಪ್ಪಿ ಹೋದವು. ಓದಲೆಂದು ಲೇಖನಗಳನ್ನು ಎತ್ತಿಡುವುದಕ್ಕೇ ಇದ್ದ ಪಾಕೆಟ್ ಎಂಬ ಆ್ಯಪ್ ಕೂಡ 2025ರ ಜುಲೈಯಲ್ಲಿ ನಿಂತುಹೋಯಿತು. ಆದ್ದರಿಂದ ಬೇಕಾದದ್ದನ್ನು ಅಲ್ಲಿಂದ ಹೊರಗೆ ತಂದುಕೊಳ್ಳುವುದು ಜಾಣತನ.

ತರುವುದು ಹೇಗೆ? ಅಡುಗೆಮನೆಯಿಂದಲೇ ಆರಂಭಿಸೋಣ. ನಾವು ಹೆಚ್ಚಾಗಿ ಸೇವ್ ಮಾಡುವುದೂ ಅದನ್ನೇ ಅಲ್ಲವೇ?

ಒಂದು ಇನ್ನೂರು ಪುಟದ ನೋಟ್ ಪುಸ್ತಕ ತನ್ನಿ. ವಾರಕ್ಕೆ ಒಂದೇ ಒಂದು ಪಾಕವನ್ನು ಪಟ್ಟಿಯಿಂದ ಆರಿಸಿ. ಯಾವುದು ಎಂದು ಮಕ್ಕಳಿಂದ ಚೀಟಿ ಎತ್ತಿಸಿದರೆ ಅವರಿಗೂ ಖುಷಿ, ‘ಇದು ನನಗೆ ಬೇಡ’ ಎನ್ನುವ ತಕರಾರೂ ಕಡಿಮೆ. ಮಾಡಿದ ಮೇಲೆ ಎಡಪುಟದಲ್ಲಿ ಪಾಕವನ್ನು ನಿಮ್ಮ ಮನೆಯ ಅಳತೆಯಲ್ಲಿ ಬರೆಯಿರಿ. ಇದು ಮುಖ್ಯ. ಅಮೆರಿಕದವರ ಪಾಕದಲ್ಲಿ ಒಂದು ಕಪ್ ಎಂದರೆ ಸುಮಾರು 240 ಮಿಲಿಲೀಟರ್. ನಮ್ಮ ಮನೆಯ ಚಹಾದ ಕಪ್ಪು ಅದಲ್ಲ. ಅವರು 350 ಡಿಗ್ರಿ ಎಂದರೆ ಅದು ಫ್ಯಾರನ್‌ಹೀಟ್, ನಮ್ಮ ಒವನ್‌ನಲ್ಲಿ ಸುಮಾರು 175ಕ್ಕೆ ಇಡಬೇಕು. ಒಮ್ಮೆ ಕುಡ್ತೆ, ಪಾವು, ಲೋಟಗಳ ಲೆಕ್ಕಕ್ಕೆ ತಂದುಬಿಟ್ಟರೆ ಮತ್ತೆ ವೀಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ಹಿಟ್ಟಿನ ಕೈಯಲ್ಲಿ ನೋಡುವ ಅವಸ್ಥೆಯಿಲ್ಲ. ಬಲಪುಟದಲ್ಲಿ ಏನಾಯಿತೆಂದು ಬರೆಯಿರಿ: ‘ಉಪ್ಪು ಹೆಚ್ಚಾಯಿತು’, ‘ಮಾವನಿಗೆ ಹಿಡಿಸಿತು’, ‘ಹತ್ತು ಮಂದಿಗೆ ಸಾಲದು’. ಬರೆದಾದ ಮೇಲೆ ಆ ಪೋಸ್ಟನ್ನು ಪಟ್ಟಿಯಿಂದ ತೆಗೆದುಹಾಕಿ. ಪಟ್ಟಿ ಚಿಕ್ಕದಾಗುತ್ತಾ ಪುಸ್ತಕ ತುಂಬುವುದನ್ನು ನೋಡುವುದರಲ್ಲೇ ಒಂದು ಸಂತೋಷವಿದೆ.

ನನ್ನ ಪರಿಚಯದ ಗೃಹಿಣಿಯೊಬ್ಬರು ಇದರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪತ್ತಿರಿಯ ವೀಡಿಯೊ ಒಂದನ್ನು ಅವರು ಓದು ಬರಹ ಬಾರದ ಅತ್ತೆಯ ಪಕ್ಕದಲ್ಲಿ ಕುಳಿತು ತೋರಿಸಿದರು. ಒಂದು ಕಪ್ ಅಕ್ಕಿ ಹುಡಿಗೆ ಒಂದು ಕಪ್ ನೀರು ಎಂದು ಅದರಲ್ಲಿತ್ತು. “ಅವಳಿಗೇನು ಗೊತ್ತು? ಹುಡಿ ಎಷ್ಟು ಒಣಗಿದೆ ಎಂದು ನೋಡಿ ನೀರು ಇಡಬೇಕು. ಬಿಸಿ ಇರುವಾಗಲೇ ನಾದಬೇಕು, ಕೈ ಸುಡುತ್ತದೆ ಎಂದು ಕುಳಿತರೆ ಅಂಚು ಒಡೆಯುತ್ತದೆ” ಎಂದು ಅತ್ತೆ ಶುರುವಿಟ್ಟುಕೊಂಡರು. ಸೊಸೆ ಬರೆದುಕೊಂಡರು. ಈಗ ವಾರಕ್ಕೊಂದು ದಿನ ಮಧ್ಯಾಹ್ನ ಇಬ್ಬರೂ ಹೀಗೆ ಕುಳಿತುಕೊಳ್ಳುತ್ತಾರೆ. ಅಪರಿಚಿತರ ವೀಡಿಯೊಗಳನ್ನು ನೋಡಿ ಅತ್ತೆ ತಪ್ಪು ಹುಡುಕುತ್ತಾರೆ, ಆ ನೆಪದಲ್ಲಿ ಅವರ ಕೈರುಚಿ ಪುಸ್ತಕಕ್ಕಿಳಿಯುತ್ತದೆ. ‘ನಿಮಗೆ ಗೊತ್ತಿರುವ ಅಡುಗೆಯನ್ನೆಲ್ಲ ಹೇಳಿ’ ಎಂದು ನೇರವಾಗಿ ಕೇಳಿದ್ದರೆ ಅವರು ‘ನನಗೇನು ಬರುತ್ತದೆ’ ಎಂದು ಎದ್ದು ಹೋಗುತ್ತಿದ್ದರೇನೋ! ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರೊಂದಿಗೆ ಅವರ ಅಡುಗೆಯೂ ಹೊರಟುಹೋಗಿದೆ. ಇನ್ನೂ ಅವಕಾಶವಿರುವವರು ಈ ಉಪಾಯವನ್ನು ತಡಮಾಡದೆ ಪ್ರಯತ್ನಿಸಬಹುದು.

ಮನೆಯಲ್ಲೇ ಹೊಲಿಗೆ ಮಾಡುವ, ಮೆಹಂದಿ ಹಾಕುವ ಸಹೋದರಿಯರಿಗೆ ಇನ್‌ಸ್ಟಾಗ್ರಾಂನ ‘ಕಲೆಕ್ಷನ್’ ಬಹಳ ಉಪಕಾರಿ. ಪೋಸ್ಟಿನ ಕೆಳಗಿರುವ ಸೇವ್ ಗುರುತನ್ನು ಒತ್ತಿ ಹಿಡಿದರೆ ಯಾವ ಗುಂಪಿಗೆ ಸೇರಿಸಬೇಕೆಂದು ಕೇಳುತ್ತದೆ. ಕುತ್ತಿಗೆ, ತೋಳು, ಮಕ್ಕಳ ಫ್ರಾಕ್ ಎಂದು ಬೇರೆ ಬೇರೆ ಹೆಸರು ಕೊಡಿ. ಗಿರಾಕಿ ಬಂದಾಗ ಆ ಗುಂಪನ್ನಷ್ಟೇ ತೆರೆದು ತೋರಿಸಿದರಾಯಿತು. ಗ್ಯಾಲರಿಯನ್ನು ತೆರೆದುಕೊಟ್ಟರೆ ಮನೆಯವರ ಫೋಟೋಗಳೂ ಹೊರಗಿನವರ ಬೆರಳಿಗೆ ಸಿಗುತ್ತವೆ, ಆ ಮುಜುಗರ ಇಲ್ಲಿಲ್ಲ. ನೀವು ಏನನ್ನು ಸೇವ್ ಮಾಡಿದ್ದೀರೆಂದು ಬೇರೆಯವರಿಗೆ ಕಾಣುವುದಿಲ್ಲ. ಹಾಕಿದವರಿಗೂ ನಿಮ್ಮ ಹೆಸರು ತಿಳಿಯದು. ಹಾಗೆಂದು ಇನ್ನೊಬ್ಬರ ವಿನ್ಯಾಸವನ್ನು ನನ್ನದೇ ಎಂದು ಹೇಳಿಕೊಳ್ಳುವುದು ಸರಿಯಲ್ಲ. ನೋಟ್ ಪುಸ್ತಕದಲ್ಲಿ ಬರೆಯುವಾಗಲೂ ಯಾರಿಂದ ಪಡೆದದ್ದೆಂದು ಪಕ್ಕದಲ್ಲಿ ಗುರುತು ಹಾಕುವುದು ಒಳ್ಳೆಯ ಅಭ್ಯಾಸ.

ಇನ್ನು ಕೆಲವು ಪೋಸ್ಟುಗಳು ತಿನಿಸಿನಂತೆ ಹಳಸುತ್ತವೆ, ಆದರೆ ವಾಸನೆ ಬರುವುದಿಲ್ಲ. ನಾಲ್ಕನೇ ತರಗತಿಯ ಹುಡುಗಿಯ ತಾಯಿಯೊಬ್ಬರು ಅಲ್ಪಸಂಖ್ಯಾತರ ಪ್ರಿ-ಮೆಟ್ರಿಕ್ ವಿದ್ಯಾರ್ಥಿವೇತನದ ಪೋಸ್ಟನ್ನು ಹಿಡಿದು ನನ್ನಲ್ಲಿಗೆ ಬಂದಿದ್ದರು. ಕೂಲಿ ಬಿಟ್ಟು ಎರಡು ದಿನ ಅಲೆದು ಆದಾಯ ಪ್ರಮಾಣಪತ್ರವನ್ನೂ ಮಾಡಿಸಿದ್ದರು. ಪೋಸ್ಟಿನಲ್ಲಿ ‘1ರಿಂದ 10ನೇ ತರಗತಿ’ ಎಂದು ದಪ್ಪಕ್ಷರದಲ್ಲಿತ್ತು. ಅದು ಹಳೆಯದು. 2022ರ ನವೆಂಬರ್‌ನಲ್ಲಿ ಕೇಂದ್ರ ಸರಕಾರವು ಆ ಯೋಜನೆಯನ್ನು 2022-23ನೇ ಸಾಲಿನಿಂದ 9 ಮತ್ತು 10ನೇ ತರಗತಿಗಳಿಗೆ ಸೀಮಿತಗೊಳಿಸಿತು. ಅದರ ಮರುತಿಂಗಳೇ ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್ ಅನ್ನೂ ನಿಲ್ಲಿಸಲಾಯಿತೆಂದು ಸಂಸತ್ತಿನಲ್ಲಿ ತಿಳಿಸಲಾಯಿತು. ಇದಾವುದೂ ಆ ಪೋಸ್ಟಿಗೆ ಗೊತ್ತಿಲ್ಲ, ಅದು ಹಾಕಿದ ದಿನದ ಹಾಗೆಯೇ ಹೊಳೆಯುತ್ತಿರುತ್ತದೆ. ಆ ತಾಯಿ ಕಳೆದುಕೊಂಡ ಎರಡು ದಿನದ ಸಂಬಳ ಸಣ್ಣದೇ?

ಆದ್ದರಿಂದ ಅರ್ಜಿ, ಪರೀಕ್ಷೆ, ಉಚಿತ ತರಬೇತಿ ಮುಂತಾದವುಗಳನ್ನು ಸೇವ್ ಪಟ್ಟಿಯಲ್ಲಿ ಕೊಳೆಯಲು ಬಿಡಬೇಡಿ. ಕಂಡ ದಿನವೇ ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆಯಿರಿ. ಸರಕಾರದ ವಿದ್ಯಾರ್ಥಿವೇತನವಾದರೆ ರಾಜ್ಯದ್ದಕ್ಕೆ ಎಸ್‌ಎಸ್‌ಪಿ, ಕೇಂದ್ರದ್ದಕ್ಕೆ ಎನ್‌ಎಸ್‌ಪಿ ಎಂಬ ಅಧಿಕೃತ ಪೋರ್ಟಲ್‌ಗಳಿವೆ. ಅಲ್ಲಿ ಆ ವರ್ಷದ್ದು ಇದೆಯೇ ಎಂದು ಮಕ್ಕಳಿಂದಲೋ ಶಾಲೆಯಿಂದಲೋ ಖಚಿತಪಡಿಸಿಕೊಂಡ ಮೇಲೆಯೇ ಕಚೇರಿಗೆ ಹೊರಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದರೆ ನಕ್ಷತ್ರ ಹಾಕಿ ಮರೆಯುವ ಬದಲು ನಿಮಗೆ ನೀವೇ ಸಂದೇಶ ಕಳುಹಿಸುವ ಸೌಕರ್ಯವನ್ನು ಬಳಸಿ. ಅದರ ಜೊತೆಗೆ ‘ಈ ತಿಂಗಳು 15ರೊಳಗೆ’ ಎಂಬಂತೆ ಒಂದು ಸಾಲನ್ನು ನೀವೇ ಸೇರಿಸಬಹುದು.

ಆರೋಗ್ಯದ ಪೋಸ್ಟುಗಳಿಗೆ ಬೇರೆಯೇ ಕಟ್ಟುನಿಟ್ಟು ಬೇಕು. ಎಳೆಗೂಸಿನ ಕೆಮ್ಮಿಗೆ ಜೇನು ನೆಕ್ಕಿಸಿ ಎಂಬುದನ್ನು ಎಷ್ಟು ಮಂದಿ ಇಟ್ಟುಕೊಂಡಿದ್ದಾರೋ! ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು ಎನ್ನುತ್ತಾರೆ ಮಕ್ಕಳ ವೈದ್ಯರು. ಜೇನಿನಲ್ಲಿ ಬೊಟುಲಿಸಂ ರೋಗಾಣುವಿನ ಬೀಜಕಣಗಳಿರಬಹುದು, ಎಳೆಯ ಕರುಳಿಗೆ ಅವುಗಳನ್ನು ತಡೆಯುವ ಶಕ್ತಿಯಿರುವುದಿಲ್ಲ. ದೊಡ್ಡವರಿಗೆ ಒಳ್ಳೆಯದಾದ ಜೇನು ಅಲ್ಲಿ ಪ್ರಾಣಾಪಾಯ ತರಬಹುದು. ಇಂತಹ ಪೋಸ್ಟುಗಳನ್ನೆಲ್ಲ ಒಂದು ಗುಂಪಿಗೆ ಸೇರಿಸಿ ‘ವೈದ್ಯರಲ್ಲಿ ಕೇಳಬೇಕಾದ್ದು’ ಎಂದು ಹೆಸರಿಡಿ. ಮುಂದಿನ ಸಲ ಚುಚ್ಚುಮದ್ದಿಗೆಂದು ಮಗುವನ್ನು ಕರೆದೊಯ್ಯುವಾಗ ಅದನ್ನೇ ತೆರೆದು ಕೇಳಿ.

ಮಕ್ಕಳಿಗಾಗಿಯೂ ಇದರಲ್ಲಿ ಒಳ್ಳೆಯ ಆಟವಿದೆ. ನಾನು ತರಗತಿಯಲ್ಲಿ ಮಾಡಿಸಿದ್ದನ್ನು ಹೇಳುತ್ತೇನೆ. ಮನೆಯವರು ಸೇವ್ ಮಾಡಿಟ್ಟ ಒಂದು ಚಿತ್ರದ ವಿವರ ಬರೆದು ತನ್ನಿ, ಅದನ್ನು ತೆಗೆದವರಾರು, ಯಾವಾಗ, ಅದು ನಿಜವೆಂದು ಹೇಗೆ ಗೊತ್ತು ಎಂದು ಹುಡುಕಿ ಎಂದೆ. ಒಬ್ಬಳು ದೀಪಾವಳಿಯ ರಾತ್ರಿ ಬಾಹ್ಯಾಕಾಶದಿಂದ ಕಂಡ ಭಾರತ ಎಂಬ ಬಣ್ಣಬಣ್ಣದ ಚಿತ್ರವನ್ನು ಆರಿಸಿದ್ದಳು. ಹುಡುಕಿದಾಗ ತಿಳಿಯಿತು, ಅದು ಯಾವುದೇ ಒಂದು ರಾತ್ರಿಯ ಚಿತ್ರವಲ್ಲ. ಊರುಗಳ ಬೆಳಕು ವರ್ಷಗಳಲ್ಲಿ ಹೇಗೆ ಹರಡಿತೆಂದು ತೋರಿಸಲು ಅಮೆರಿಕದ ವಿಜ್ಞಾನಿಯೊಬ್ಬರು ಉಪಗ್ರಹದ ಮಾಹಿತಿಗಳನ್ನು ಜೋಡಿಸಿ, ಬೇರೆ ಬೇರೆ ಅವಧಿಗೆ ಬೇರೆ ಬೇರೆ ಬಣ್ಣ ಕೊಟ್ಟದ್ದು. ಹುಡುಗಿಗೆ ಬೇಸರವಾಗಲಿಲ್ಲ, ಬದಲಿಗೆ ಯಾವ ಊರು ಯಾವ ಬಣ್ಣದಲ್ಲಿದೆ ಎಂದು ಭೂಪಟ ಹಿಡಿದು ಕುಳಿತಳು. ಪಾಠದಲ್ಲಿ ನಾನು ಹೇಳಿದ್ದರೆ ಅಷ್ಟು ಹೊತ್ತು ಕೇಳುತ್ತಿದ್ದಳೆಂದು ನನಗನ್ನಿಸುವುದಿಲ್ಲ.

ಮೊಬೈಲಿನಿಂದ ಪುಸ್ತಕಕ್ಕೆ ಬಂದದ್ದು ಮತ್ತೆ ಮೊಬೈಲಿಗೆ ಹೋಗಬಾರದೆಂದೇನೂ ಇಲ್ಲ. ಮದುವೆಯಾಗಿ ದಮ್ಮಾಮ್‌ಗೆ ಹೋದ ಮಗಳಿಗೆ ತಾಯಿಯೊಬ್ಬರು ತಮ್ಮ ಅಡುಗೆ ಪುಸ್ತಕದ ಪುಟಗಳ ಫೋಟೋ ತೆಗೆದು ಕಳುಹಿಸುತ್ತಿರುತ್ತಾರೆ. ಮಗಳು ಅಲ್ಲಿ ಮಾಡಿ ನೋಡಿ ಉತ್ತರ ಬರೆಯುತ್ತಾಳೆ. ಅಲ್ಲಿ ಸಿಗುವ ಅಕ್ಕಿ ಹುಡಿ ತುಂಬ ಒಣಗಿರುವುದರಿಂದ ನೀರು ಕಾಲು ಲೋಟ ಹೆಚ್ಚು ಬೇಕಾಯಿತಂತೆ. ತಾಯಿ ಅದನ್ನೂ ಬಲಪುಟದಲ್ಲಿ, ದಿನಾಂಕ ಹಾಕಿ ಬರೆದಿಟ್ಟಿದ್ದಾರೆ.