ಯಂತ್ರದ ಚಲನೆ: ಕೆಲವು ಮೂಲ ಪದಗಳು

(ಅಂತಿಮ ಬಿ.ಎ. ವಿದ್ಯಾರ್ಥಿ)

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಯಂತ್ರಗಳ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ಕೆಲವು ಮಿತ್ರರು ನಗಬಹುದು. ಚರಿತ್ರೆ, ಅರ್ಥಶಾಸ್ತ್ರಗಳನ್ನು ಓದುವವನಿಗೆ ತಿರುಪಿನ ಗೊಡವೆ ಏಕೆಂದು ಅವರು ಕೇಳಿದರೆ ತಪ್ಪಲ್ಲ. ಆದುದರಿಂದ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ತಂದೆಯವರು ಬೆಂಗಳೂರಿನ ಪೀಣ್ಯದ ಒಂದು ಚಿಕ್ಕ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಲೇತ್ ನಡೆಸುತ್ತಿರುವವರು. ಐದನೆಯ ತರಗತಿಗೇ ಶಾಲೆ ಬಿಟ್ಟವರು. ಕಳೆದ ಬೇಸಗೆಯಲ್ಲಿ ಅಲ್ಲಿಗೆ ಕಂಪ್ಯೂಟರಿನಿಂದ ನಡೆಯುವ ಹೊಸ ಯಂತ್ರವೊಂದು ಬಂದಿತು. ಅದನ್ನು ಕಲಿತವರಿಗೆ ಮಾತ್ರ ಮುಂದೆ ಕೆಲಸವೆಂದು ಮೇಸ್ತ್ರಿಗಳು ಹೇಳಿದರಂತೆ. ಅಪ್ಪ ಅದರ ಇಂಗ್ಲಿಷ್ ಕೈಪಿಡಿಯನ್ನು ಮನೆಗೆ ತಂದು, "ನೀನು ಬಿ.ಎ. ಓದ್ತಿದೀಯಲ್ಲ, ಇದ್ರಲ್ಲೇನಿದೆ ಸ್ವಲ್ಪ ಹೇಳಪ್ಪ" ಎಂದರು.

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದರೂ ಲೀಡ್, ರೆಸಲ್ಯೂಷನ್, ಬ್ಯಾಕ್‌ಲ್ಯಾಶ್, ರಿಪೀಟಬಿಲಿಟಿ, ಎನ್‌ಕೋಡರ್ ಎಂಬ ಮಾತುಗಳನ್ನು ಓದಬಲ್ಲವನಾಗಿದ್ದೆನೇ ಹೊರತು ಅವುಗಳ ಅರ್ಥ ನನಗೆ ತಿಳಿಯಲಿಲ್ಲ. ಅಪ್ಪನಿಗಾದರೋ ಅರ್ಥವೆಲ್ಲ ಗೊತ್ತಿತ್ತು, ಮಾತು ಗೊತ್ತಿರಲಿಲ್ಲ. ರಾತ್ರಿ ಊಟವಾದ ಮೇಲೆ ಇಬ್ಬರೂ ಕುಳಿತು ಕೂಡಿಸಿಕೊಂಡ ತಿಳಿವಳಿಕೆಯೇ ಈ ಲೇಖನ.

ಮೊದಲು ತಿರುಪಿನ ವಿಚಾರ. ಮೋಟಾರು ಸುತ್ತುತ್ತದೆ, ನಮಗೆ ಬೇಕಾದುದು ನೇರವಾದ ಚಲನೆ. ನಟ್ಟು ತಿರುಗದಂತೆ ಹಿಡಿದು ಉದ್ದನೆಯ ತಿರುಪನ್ನು ತಿರುಗಿಸಿದರೆ ನಟ್ಟು ಮುಂದೆ ಸರಿಯುತ್ತದೆ. ಅದಕ್ಕೆ ಬಿಗಿದ ಮೇಜೂ ಹಳಿಯ ಮೇಲೆ ಸರಿಯುತ್ತದೆ. ಒಂದು ಸುತ್ತಿಗೆ ನಟ್ಟು ಸಾಗುವ ದೂರವೇ ಲೀಡ್. ಲಂಡನ್ನಿನ ಹೆನ್ರಿ ಮಾಡ್ಸ್‌ಲೇ ಸುಮಾರು ೧೮೦೦ರ ವೇಳೆಗೆ ನಿಖರವಾದ ತಿರುಪು ಕಡೆಯುವ ಲೇತನ್ನು ರೂಪಿಸಿದನು. ೧೯೫೨ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯವರು ಅಂಕಿಗಳ ಆಜ್ಞೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿದರು. ಕೈಯ ಬದಲು ಅಂಕಿ ಬಂದಿತು; ತಿರುಪು ಮಾತ್ರ ಉಳಿಯಿತು.

ಈಗ ಒಂದು ಲೆಕ್ಕ. ಚಿಕ್ಕ ಯಂತ್ರಗಳಲ್ಲಿ ಬಳಸುವ ಸಾಮಾನ್ಯ ಸ್ಟೆಪ್ಪರ್ ಮೋಟಾರು ಒಂದು ಸುತ್ತನ್ನು ೨೦೦ ಹೆಜ್ಜೆಗಳಲ್ಲಿ ಮುಗಿಸುತ್ತದೆ. ಲೀಡ್ ೫ ಮಿಲಿಮೀಟರ್ ಎಂದಿಟ್ಟುಕೊಂಡರೆ ಒಂದು ಹೆಜ್ಜೆಗೆ ೦.೦೨೫ ಮಿಲಿಮೀಟರ್, ಅಂದರೆ ೨೫ ಮೈಕ್ರಾನ್. ನಮ್ಮ ಕೂದಲೆಳೆಯ ದಪ್ಪ ಸುಮಾರು ೭೦ ಮೈಕ್ರಾನ್ ಎಂದು ನೆನೆದರೆ ಇದರ ಸೂಕ್ಷ್ಮತೆ ತಿಳಿದೀತು. ಯಂತ್ರ ಇಡಬಲ್ಲ ಅತಿ ಚಿಕ್ಕ ಹೆಜ್ಜೆಯೇ ರೆಸಲ್ಯೂಷನ್. ಆದರೆ ಹೆಜ್ಜೆ ಚಿಕ್ಕದಾದ ಮಾತ್ರಕ್ಕೆ ಅಳತೆ ಸರಿಯಾಗದು. ಸೆಕೆಂಡಿನ ಮುಳ್ಳಿರುವ ಗಡಿಯಾರವೂ ಹತ್ತು ನಿಮಿಷ ಹಿಂದೆ ನಡೆಯಬಹುದಷ್ಟೆ.

ಬ್ಯಾಕ್‌ಲ್ಯಾಶ್ ಎಂಬ ಮಾತು ಬಂದಾಗ ಅಪ್ಪ ನಕ್ಕುಬಿಟ್ಟರು. ನಾನು ಪಿ.ಯು.ಸಿ.ಯಲ್ಲಿದ್ದಾಗ ಒಂದು ರಜೆಯಲ್ಲಿ ಅವರ ಲೇತಿನ ಹಿಡಿಕೆಯನ್ನು ತಿರುಗಿಸಲು ಹಟ ಹಿಡಿದಿದ್ದೆ. ಉಳಿಯನ್ನು ಬೇಕಾದುದಕ್ಕಿಂತ ಎರಡು ಗೀಟು ಮುಂದೆ ಒಯ್ದೆ. ಅದು ತಿಳಿದೊಡನೆ ಎರಡು ಗೀಟು ಹಿಂದಕ್ಕೆ ತಿರುಗಿಸಿ ಕಡೆದೆ. ಡಯಲ್ ಸರಿಯಾಗಿಯೇ ತೋರಿಸಿತು. ಆದರೂ ಷಾಫ್ಟು ಸಣ್ಣದಾಗಿ ಕೆಟ್ಟುಹೋಯಿತು. ಅದರ ಬೆಲೆಯನ್ನು ಅಪ್ಪನ ಆ ವಾರದ ಕೂಲಿಯಲ್ಲಿ ಹಿಡಿದುಕೊಂಡರು.

ತಿರುಪಿಗೂ ನಟ್ಟಿಗೂ ನಡುವೆ ಸ್ವಲ್ಪ ಸಡಿಲವಿರುತ್ತದೆ. ದಿಕ್ಕು ಬದಲಿಸಿದಾಗ ಮೊದಲು ಆ ಸಡಿಲ ತೀರಬೇಕು. ಅಲ್ಲಿಯವರೆಗೆ ತಿರುಪು ತಿರುಗಿದರೂ ಉಳಿ ಕದಲದು. ಎತ್ತು ಹೆಜ್ಜೆ ಇಟ್ಟರೂ ಹಗ್ಗ ಬಿಗಿಯಾಗುವ ತನಕ ನೇಗಿಲು ಅಲುಗದಿರುವುದನ್ನು ನಾವು ಕಂಡಿಲ್ಲವೆ? "ಅರ್ಧ ಸುತ್ತು ಪೂರ್ತಿ ಹಿಂದಕ್ಕೆ ಬಿಟ್ಟು, ಮತ್ತೆ ಮುಂದಿನಿಂದಲೇ ಬರಬೇಕಪ್ಪ" ಎಂದು ಅಪ್ಪ ಅಂದೇ ಹೇಳಿದ್ದರು. ಕೈಪಿಡಿಯಲ್ಲೂ ಅದೇ ಉಪಾಯವಿತ್ತು: ಯಾವಾಗಲೂ ಒಂದೇ ದಿಕ್ಕಿನಿಂದ ಅಳತೆಗೆ ಬರತಕ್ಕದ್ದು. ಹೊಸ ಯಂತ್ರಗಳಲ್ಲಿ ನಟ್ಟಿನೊಳಗೆ ಉಕ್ಕಿನ ಗುಂಡುಗಳು ಉರುಳುವ ಬಾಲ್ ಸ್ಕ್ರೂ ಇಟ್ಟು ಸಡಿಲವನ್ನು ಬಹುಮಟ್ಟಿಗೆ ಕಳೆದಿದ್ದಾರೆ.

ಇನ್ನು ಎಲ್ಲರೂ ಒಂದೇ ಎಂದು ಭ್ರಮಿಸುವ ಎರಡು ಮಾತುಗಳು: ಅಕ್ಯುರಸಿ ಮತ್ತು ರಿಪೀಟಬಿಲಿಟಿ. ಹುಡುಗನೊಬ್ಬ ಮಾವಿನಕಾಯಿಗೆ ಐದು ಕಲ್ಲು ಬೀರಿದನೆನ್ನಿ. ಐದೂ ಕಾಯಿಯಿಂದ ಒಂದು ಗೇಣು ಎಡಕ್ಕೆ, ಒಂದೇ ಎಲೆಗೆ ತಗುಲಿದವು. ಅವನ ಕೈಗೆ ರಿಪೀಟಬಿಲಿಟಿ ಉಂಟು, ಅಕ್ಯುರಸಿ ಇಲ್ಲ. ಇಂಥವನಿಗೆ "ಒಂದು ಗೇಣು ಬಲಕ್ಕೆ ಹೊಡಿ" ಎಂದರೆ ಸಾಕು, ಕಾಯಿ ಬೀಳುತ್ತದೆ. ಕಲ್ಲುಗಳು ದಿಕ್ಕಿಗೊಂದಾಗಿ ಹೋದರೆ ಏನೆಂದು ತಿದ್ದುವುದು? ಯಂತ್ರವೂ ಹಾಗೆಯೇ. ೧೦೦ ಮಿಲಿಮೀಟರ್ ಹೋಗೆಂದಾಗಲೆಲ್ಲ ತಪ್ಪದೆ ೧೦೦.೦೩ಕ್ಕೆ ಹೋಗುವ ಯಂತ್ರಕ್ಕೆ ಆ ೦.೦೩ನ್ನು ಕಳೆಯುವಂತೆ ಕಂಪ್ಯೂಟರಿಗೆ ಹೇಳಬಹುದು. ದಿನಕ್ಕೊಂದು ಕಡೆ ನಿಲ್ಲುವ ಯಂತ್ರಕ್ಕೆ ಈ ಮದ್ದಿಲ್ಲ.

ಬಿಸಿಲೂ ಅಳತೆಯನ್ನು ಕೆಡಿಸುತ್ತದೆ. ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ಸುಮಾರು ೧೨ ಮೈಕ್ರಾನ್ ಬೆಳೆಯುತ್ತದೆ. ಆದುದರಿಂದಲೇ ಅಳತೆಗಳಿಗೆಲ್ಲ ೨೦ ಡಿಗ್ರಿಯ ಉಷ್ಣತೆಯನ್ನು ಜಗತ್ತಿನಾದ್ಯಂತ ಆಧಾರವಾಗಿ ಇಟ್ಟುಕೊಂಡಿದ್ದಾರೆ. ಅಪ್ಪ ಕಡೆದ ಕೂಡಲೇ ಅಳೆಯದೆ, ಬಿಸಿ ಆರಲಿ ಎಂದು ಕಾಯುತ್ತಿದ್ದುದರ ಗುಟ್ಟು ನನಗೆ ಆಗ ತಿಳಿಯಿತು.

ಕೊನೆಯದು ಯಂತ್ರದ ಕಣ್ಣು. ಕರೆಂಟು ಹೋದಾಗ ಕತ್ತಲಲ್ಲಿ ಹೆಜ್ಜೆ ಎಣಿಸಿಕೊಂಡು ಹಿತ್ತಿಲ ಬಾಗಿಲಿಗೆ ಹೋಗುವುದುಂಟು. ನಡುವೆ ಕೊಡ ಎಡವಿದರೆ ಲೆಕ್ಕ ತಪ್ಪಿತು. ಇದು ಓಪನ್ ಲೂಪ್. ಗೋಡೆ ಮುಟ್ಟಿ ನೋಡುತ್ತ, ತಪ್ಪಿದರೆ ತಿದ್ದಿಕೊಳ್ಳುತ್ತ ನಡೆದರೆ ಕ್ಲೋಸ್ಡ್ ಲೂಪ್. ಹೀಗೆ ನಡೆಯುವ ಮೋಟಾರು ಸರ್ವೋ. ಅದಕ್ಕೆ ಸುದ್ದಿ ತರುವುದು ಎನ್‌ಕೋಡರ್. ಆದರೆ ಮೋಟಾರಿನ ಬೆನ್ನಿಗಿರುವ ಎನ್‌ಕೋಡರ್ ಸುತ್ತನ್ನು ಮಾತ್ರ ಎಣಿಸುತ್ತದೆ. ನಟ್ಟಿನ ಸಡಿಲ ಅದಕ್ಕೆ ಕಾಣದು. ಡಯಲನ್ನೇ ನಂಬಿದ ನನ್ನಂತೆ ಅದೂ ಮೋಸಹೋಗುತ್ತದೆ. ಆದುದರಿಂದ ಹೆಚ್ಚಿನ ನಿಖರತೆ ಬೇಕಾದಲ್ಲಿ ಮೇಜಿನ ಪಕ್ಕದಲ್ಲೇ ಅಳತೆಪಟ್ಟಿಯೊಂದನ್ನು ಕೂರಿಸಿ, ಮೇಜು ನಿಜವಾಗಿ ಎಲ್ಲಿದೆಯೆಂದು ನೋಡುತ್ತಾರೆ.

ಈಗ ಅಪ್ಪ ಹೊಸ ಯಂತ್ರವನ್ನೇ ನಡೆಸುತ್ತಿದ್ದಾರೆ. ಈ ಮಾತುಗಳನ್ನೆಲ್ಲ ಒಂದು ಚಿಕ್ಕ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದಾರೆ. ಮೊನ್ನೆ ಅದನ್ನು ತೆರೆದು ನೋಡಿದೆ. ಬ್ಯಾಕ್‌ಲ್ಯಾಶ್ ಎಂಬುದರ ಮುಂದೆ ಅರ್ಥವೆಂದು ಬರೆದಿರುವುದು ಇಷ್ಟೇ: "ಮಗ ಕೆಡಿಸಿದ ಷಾಫ್ಟು."